ಹಳೇ ದೀಪದ ಉರಿ

ಬಂದರಿನ ಸುಂಕದ ಶೆಡ್ಡಿನೊಳಗೆ ಫ್ರಿಜ್ ಮೇಸ್ತ್ರಿ ಮೊದಲು ಕಂಡದ್ದು ತನ್ನ ಅಳಿಯನನ್ನು. ಫ್ರಿಜ್ಜಿಗೆ ತುಂಬುವ ಗ್ಯಾಸಿನ ತಿಳಿನೀಲಿ ಸಿಲಿಂಡರುಗಳ ರಾಶಿಯ ಪಕ್ಕ, ಕಾಗದದ ಕಟ್ಟು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ಸರಕು ಬಿಡಿಸಿಕೊಡುವ ಏಜೆಂಟ್ ಅವನೇ. ಕಾಗದದ ಮೇಲೆ ರುಜು ಅವನದೇ.

"ತಾಯಿ, ಇವರು ನನ್ನ ಮಗಳ ಗಂಡ," ಎಂದ ಮೇಸ್ತ್ರಿ, ಸುಂಕದ ಮೇಡಂಗೆ. "ಬೇರೆ ಯಾರನ್ನಾದ್ರೂ ಕರೆಸ್ತೀರಾ?"

"ಊರೆಲ್ಲ ವಿಚಾರಿಸ್ದೆ ಯಜಮಾನ್ರೆ. ಗ್ಯಾಸು ಪತ್ತೆ ಮಾಡೋ ಈ ಹಳೇ ದೀಪ ಇಟ್ಕೊಂಡಿರೋರು ನೀವೊಬ್ರೇ. ನಮ್ಮ ಮಿಷನ್ನು ಕೆಟ್ಟು ಕೂತಿದೆ."

ಮೇಡಂ ಒಂದು ಪತ್ರ ಓದಿ ಹೇಳಿದರು. ಸರಕು ಹೊರಟ ದೇಶದ ಅಧಿಕಾರಿ ಬರೆದದ್ದು: ಇಷ್ಟು ಸಿಲಿಂಡರಿಗೆ ನಾವು ಅನುಮತಿ ಕೊಟ್ಟಿಲ್ಲ, ಹೊಸ ಗ್ಯಾಸಿನ ಹೆಸರಲ್ಲಿ ನಿಷೇಧವಾದ ಹಳೇ ಗ್ಯಾಸು ಬಂದಿರಬಹುದು, ನೋಡಿ ತಿಳಿಸಿ.

"ಐದು ಗಂಟೆಯೊಳಗೆ ಏನೂ ಸಿಗದಿದ್ರೆ ಸರಕು ಬಿಟ್ಟುಬಿಡ್ಬೇಕು. ಸಿಕ್ರೆ ಇವರ ಲೈಸೆನ್ಸ್ ಹೋಗುತ್ತೆ."

ಗೋಡೆ ಗಡಿಯಾರದಲ್ಲಿ ನಾಲ್ಕೂ ಹತ್ತು.

"ಅದನ್ನ ಇನ್ನೂ ಗುಜರಿಗೆ ಹಾಕಿಲ್ವಾ ಮಾವ?" ಅಳಿಯ ನಕ್ಕ. "ಮ್ಯೂಸಿಯಮ್ಮಿನವರು ಹುಡುಕ್ತಿದ್ರು."

"ದೀಪಾನೋ, ನನ್ನನ್ನೋ?"

ಮೇಸ್ತ್ರಿ ಕಿಟಕಿಗಳನ್ನೆಲ್ಲ ತೆಗೆಸಿ ದೀಪ ಹಚ್ಚಿದ. ಉರಿಯ ಮೇಲೊಂದು ತಾಮ್ರದ ಬಿಲ್ಲೆ, ಪಕ್ಕದಲ್ಲಿ ಗಾಳಿ ಹೀರುವ ರಬ್ಬರ್ ಕೊಳವೆ. ಹಳೇ ಗ್ಯಾಸು ಕೊಳವೆಯ ಬಾಯಿಗೆ ಸೋಕಿದರೆ ಉರಿ ಹಸಿರಾಗುತ್ತದೆ. ಹೊಸ ಗ್ಯಾಸನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಅದಕ್ಕೇ ಕಸುಬಿನವರೆಲ್ಲ ಎಸೆದುಬಿಟ್ಟರು.

ಮೇಸ್ತ್ರಿ ಎಸೆಯಲಿಲ್ಲ. ರಿಪೇರಿಗೆ ಬಂದ ಫ್ರಿಜ್ಜುಗಳ ಗ್ಯಾಸನ್ನು ಅರ್ಧ ಆಯುಷ್ಯ ಕಿಟಕಿಯಾಚೆ ಬಿಟ್ಟವನು ಅವನು. ಆಗ ಎಲ್ಲರೂ ಮಾಡುತ್ತಿದ್ದುದು ಹಾಗೆಯೇ. ಆಮೇಲೆ ಪರದೇಶದ ಮೇಸ್ತ್ರಿಯೊಬ್ಬ ಬಂದ. ಭಾಷೆ ಬರುತ್ತಿರಲಿಲ್ಲ. ಸುಡುಬಿಸಿಲನ್ನು ಸೋಸುವ ಓಝೋನ್ ಪದರವನ್ನು ಆ ಗ್ಯಾಸು ಹೇಗೆ ತಿನ್ನುತ್ತದೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ, ಗ್ಯಾಸನ್ನು ಹಿಡಿದಿಡುವುದು ಕಲಿಸಿದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಈ ಮೇಸ್ತ್ರಿ ಆ ಪಾಠವನ್ನು ಎಂದೋ ಮರೆಯುತ್ತಿದ್ದ.

ಮುಂದಿನ ಸಾಲಿನ ಮೂರು ಸಿಲಿಂಡರುಗಳ ಮೂತಿಯನ್ನು ಒಂದೊಂದಾಗಿ ಎಳ್ಳಷ್ಟು ತಿರುಗಿಸಿ ಕೊಳವೆ ಹಿಡಿದ. ಮೂರಕ್ಕೂ ಉರಿ ನೀಲಿಯೇ. ಸರಕು ಬಿಡಲು ರುಜು ಹಾಕಲೆಂದು ಮೇಡಂ ಪೆನ್ನು ತೆಗೆದರು.

"ಆಯ್ತಲ್ಲ ಮಾವ, ನಡೀರಿ, ನಾನೇ ಮನೆಗೆ ಬಿಡ್ತೀನಿ." ಅಳಿಯ ಬಗ್ಗಿ ಮೇಸ್ತ್ರಿಯ ಹತಾರದ ಪೆಟ್ಟಿಗೆ ಎತ್ತಿಕೊಂಡ.

ಜಿಡ್ಡು ಹಿಡಿದ ಆ ಪೆಟ್ಟಿಗೆಯನ್ನು ಮದುವೆಯಾದ ಒಂಬತ್ತು ವರ್ಷದಲ್ಲಿ ಅಳಿಯ ಒಂದು ಬೆರಳಿಂದಲೂ ಮುಟ್ಟಿದವನಲ್ಲ. ಕಾರಿನೊಳಗೆ ಇಡಲೂ ಬಿಟ್ಟವನಲ್ಲ. ಮೇಸ್ತ್ರಿ ಆ ಕೈಯನ್ನೇ ನೋಡಿದ. ಆಮೇಲೆ ರಾಶಿಯ ಹಿಂಬದಿಗೆ ಕಣ್ಣು ಹಾಯಿಸಿದ.

"ಹಿಂದಿನ ಸಾಲಿಂದ ಒಂದು ತೆಗೆಸಿ, ತಾಯಿ."

ರಾಶಿ ಸರಿಸಿ ತೆಗೆಯುವಷ್ಟರಲ್ಲಿ ಐದಕ್ಕೆ ಹತ್ತು ನಿಮಿಷ. ಅಳಿಯ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ. ಮೇಡಂಗೆ ಕೇಳದಂತೆ ಪಿಸುಗುಟ್ಟಿದ.

"ಹೆಬ್ಬೆರಳು ಅಡ್ಡ ಇಟ್ರೆ ಸಾಕು ಮಾವ. ನಿಮ್ಮ ಮಗಳ ಮುಖ ನೋಡಿಯಾದ್ರೂ."

ಹೆಬ್ಬೆರಳು ಆಗಲೇ ಕೊಳವೆಯ ಬಾಯಿ ಮುಚ್ಚಿತ್ತು. ಯಾವಾಗ ಹೋಗಿ ಕೂತಿತೋ ಮೇಸ್ತ್ರಿಗೇ ತಿಳಿಯದು. ಗ್ಯಾಸು ಬುಸ್ಸೆನ್ನುತ್ತಿತ್ತು; ಉರಿ ನೀಲಿಯಾಗಿ, ಅಲುಗದೆ ನಿಂತಿತ್ತು. ಮೇಡಂ ಉರಿಯನ್ನೇ ನೋಡುತ್ತಿದ್ದರು. ಬೆರಳನ್ನು ನೋಡಬೇಕೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು?

ಮಗಳು ಬೆಳಿಗ್ಗೆ ಫೋನಿನಲ್ಲಿ ಹೊಸ ಮನೆಗೆ ಪರದೆ ಬಟ್ಟೆ ಆರಿಸಿದ್ದನ್ನು ಹೇಳಿದ್ದಳು.

ಮೇಸ್ತ್ರಿ ಹೆಬ್ಬೆರಳು ಎತ್ತಿದ.

ತಾಮ್ರದ ಬಿಲ್ಲೆಯ ಮೇಲೆ ಹಸಿರು ಉರಿ ಎದ್ದು, ಮೂವರ ಮುಖದ ಮೇಲೂ ಬಿತ್ತು. ಅವನು ಸಿಲಿಂಡರಿನ ಮೂತಿ ಬಿಗಿಯಾಗಿ ತಿರುಗಿಸಿದ, ದೀಪ ಆರಿಸಿದ. ಮೇಡಂ ಆ ದೂರದ ಅಧಿಕಾರಿಗೆ ಉತ್ತರ ಟೈಪಿಸತೊಡಗಿದರು.

"ಮನೇಲಿ ಏನಂತ ಹೇಳ್ತೀರಿ ಮಾವ?" ಅಳಿಯನ ಕೈಯಲ್ಲಿ ಪೆಟ್ಟಿಗೆ ಇನ್ನೂ ಇತ್ತು.

"ಹೇಳೋರು ನೀವು ಅಳಿಯಂದ್ರೆ," ಎಂದು ಮೇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಬಿಡಿಸಿಕೊಂಡ. "ನಾನು ಪಕ್ಕದಲ್ಲಿ ಕೂತಿರ್ತೀನಿ."