ಸಿಗದ ಗ್ರಹದ ಕಲ್ಲು

ಸಿದ್ದಾರೂಢರು ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲು ಪರೀಕ್ಷೆ ಮಾಡಿ ನಿವೃತ್ತರಾದವರು. ಮುಧೋಳದ ಅವರ ಕಾಲೊನಿಯಲ್ಲಿ ನವಗ್ರಹ ಕಟ್ಟೆ ಏಳುವಾಗ ಗುಡಿ ಕಮಿಟಿಗೆ ಅರ್ಜಿ ಕೊಟ್ಟರು: ಇನ್ನೊಂದು ಗ್ರಹಕ್ಕೂ ಜಾಗ ಬಿಡಬೇಕು.

"ಯಾವದಕ್ಕರಿ?" ಎಂದರು ಅಧ್ಯಕ್ಷ ಗಿರಿಮಲ್ಲಪ್ಪ.

"ಇನ್ನೂ ಸಿಕ್ಕಿಲ್ಲರಿ. ನೆಪ್ಚೂನ್ ದಾಟಿ ಭಾಳ ದೂರ ಇರಬಹುದಂತ. ಅಲ್ಲಿರೋ ಸಣ್ಣ ಸಣ್ಣ ಹಿಮದ ಗುಂಡು ಒಂದ ಕಡೆ ವಾಲಿ ತಿರಗತಾವು. ಯಾವದೋ ದೊಡ್ಡದು ಎಳ್ಯಾಕತ್ತೈತಿ ಅಂತ ಕೆಲವರ ಅನುಮಾನ."

"ಕಾಣದ್ದಕ್ಕ ಹೆಂಗ್ರಿ ಜಾಗ ಕೊಡೂದು?"

"ರಾಹು-ಕೇತು ಯಾರಿಗೆ ಕಂಡಾವ್ರಿ?"

ಕಮಿಟಿಯವರು, ದೂರದ ಗ್ರಹ ದೂರವೇ ಇರಲಿ ಎಂದು ಕಾಂಪೌಂಡಿನ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ, ಉಳಿದಿದ್ದ ಒಂದು ಚಪ್ಪಟೆ ಕಲ್ಲು ಹಾಕಿಸಿದರು. ಗ್ರಹ ಸಿಕ್ಕ ಮೇಲೆ ಮೂರ್ತಿ. ಇದಕ್ಕೆ ಯಾವ ಧಾನ್ಯ ಎಂದು ಪೂಜಾರಿ ಕೇಳಿದಾಗ ಸಿದ್ದಾರೂಢರು ಗೊತ್ತಿಲ್ಲ ಎಂದರು. ನವಧಾನ್ಯದಲ್ಲಿ ಜೋಳ ಇಲ್ಲವಲ್ಲ, ಅದೇ ಇರಲಿ ಎಂದು ಓಣಿಯ ಹೆಂಗಸರೇ ತೀರ್ಮಾನಿಸಿದರು.

ಒಂದು ಶನಿವಾರ ಗಲಗಲಿಯಿಂದ ಮಗಳ ಮನೆಗೆ ಇರಲು ಬಂದಿದ್ದ ಸೋಮವ್ವ, ಮೊಣಕಾಲು ನೋವಿನ ಮುದುಕಿ, ನೆರಳು ಕಂಡು ಆ ಕಲ್ಲಿನ ಮೇಲೆ ಕೂತಳು. ಶಾಲೆಯ ಟೀಚರ್ ಸರಿತಾ ಬಂದು ಅವಳ ಉಡಿಗೆ ಒಂದು ಹಿಡಿ ಜೋಳ ಹಾಕಿ ಕೈಮುಗಿದಳು.

"ನನಗ್ಯಾಕವಾ ಜ್ವಾಳ?"

"ನಿಮಗಲ್ಲರಿ ಆಯಿ, ಕಲ್ಲಿಗೆ. ನೀವು ನಡುವ ಕುಂತೀರಿ."

"ಹಂಗಾದ್ರ ಏಳಲೇನು?"

"ಬ್ಯಾಡ್ರಿ. ಬರೇ ಕಲ್ಲಿಗೆ ಹೇಳೂದಕಿಂತ ಇದ ಛಲೋ." ಸರಿತಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿಕೊಂಡಳು: ಗಂಡ ಬೀಳಗಿಯಲ್ಲಿ, ತಾನು ಇಲ್ಲಿ, ವರ್ಗ ಆಗುತ್ತಿಲ್ಲ.

"ಅರ್ಜಿ ಕೊಟ್ಟೀಯೇನು?"

"ಇಲ್ಲರಿ."

"ಮೊದಲ ಕೊಡು."

ಕೊಟ್ಟಳು. ವರ್ಗ ಆಯಿತು. ಮುಂದಿನ ಶನಿವಾರಗಳಲ್ಲಿ ನವಗ್ರಹ ಕಟ್ಟೆ ಖಾಲಿ, ಬೇವಿನ ಗಿಡದ ಕೆಳಗೆ ಸೋಮವ್ವನ ಮುಂದೆ ಸಾಲು.

ಸಿದ್ದಾರೂಢರಿಗೆ ಸಿಟ್ಟು ಬಂತು. "ಇದು ಗ್ರಹದ ಜಾಗಾ ಯವ್ವಾ."

"ಅದು ಯಾವಾಗ ಬರ್ತೈತಿ?"

"ಸೂರ್ಯನ್ನ ಒಂದ ಸುತ್ತ ಹಾಕಾಕನ ಹತ್ತಿಪ್ಪತ್ತ ಸಾವಿರ ವರ್ಷ ಬೇಕಂತ."

"ಅಲ್ಲೀತನಕ ನಾ ಹಿಡದಿರ್ತೀನಿ. ಬಸ್ಸಿನ್ಯಾಗ ಟಾವೆಲ್ ಹಾಕಿ ಸೀಟ ಹಿಡಿಯೂದಿಲ್ಲೇನು?"

ವಿಷಯ ಕಮಿಟಿಗೆ ಹೋಯಿತು. ಎರಡು ತಾಸು ಚರ್ಚೆಯಾಗಿ ಠರಾವು ಪಾಸಾಯಿತು: ಗ್ರಹ ಪತ್ತೆಯಾಗುವವರೆಗೆ, ಪ್ರತಿ ಶನಿವಾರ ಹತ್ತರಿಂದ ಹನ್ನೆರಡು ಗಂಟೆ, ಸೋಮವ್ವನವರು ಪ್ರಭಾರ. ಸಿದ್ದಾರೂಢರು ಸಹಿ ಹಾಕಿದರು, ಆದರೆ ಮೂರು ವಾರ ಗುಡಿಯ ಕಡೆ ಹಾಯಲಿಲ್ಲ.

ನಾಲ್ಕನೆಯ ವಾರ ಬಂದು ಸಾಲಿನ ಕೊನೆಗೆ ನಿಂತರು. ಪಾಳಿ ಬಂದಾಗ ಜೋಳ ತಂದಿರಲಿಲ್ಲ ಎಂಬುದು ನೆನಪಾಯಿತು.

"ಲ್ಯಾಬಿನ್ಯಾಗ ಯಾವ ರಿಜಲ್ಟ ಆದ್ರೂ ಸ್ವಲ್ಪ ಹೊತ್ತಿನ್ಯಾಗ ಬರತಿತ್ತು," ಎಂದರು. "ಈಗ ದಿನಾ ಎದ್ದು ಮೊಬೈಲ್ ನೋಡ್ತೀನಿ, ಸಿಕ್ಕತೇನು ಅಂತ. ನಾಳೆ ಅದು ಇಲ್ಲವೇ ಇಲ್ಲ ಅಂತ ಆದ್ರ, ನಾ ಏನ್ ಮಾಡ್ಲಿ ಯವ್ವಾ?"

ಸೋಮವ್ವ ಅವರ ಮುಖವನ್ನೇ ನೋಡಿದಳು. "ಉಂಡೀಯೇನಪಾ?"

"ಇಲ್ಲ."

ಅವಳು ಕಲ್ಲಿನ ಮೇಲೆ ಒಂದಿಷ್ಟು ಜರುಗಿ, ಗಂಟು ಬಿಚ್ಚಿ ರೊಟ್ಟಿ ತೆಗೆದಳು. ಸಿದ್ದಾರೂಢರು ಪಕ್ಕದಲ್ಲಿ ಕೂತರು. ಗಿರಿಮಲ್ಲಪ್ಪ ಗುಡಿಯ ಬಾಗಿಲಿನಿಂದಲೇ, "ಠರಾವಿನ್ಯಾಗ ಒಬ್ಬರದ ಹೆಸರೈತಿ!" ಎಂದು ಕೂಗಿದರು.

ಸಿದ್ದಾರೂಢರು ಇನ್ನೊಂದು ರೊಟ್ಟಿ ಇಸಿದುಕೊಂಡರು.