ಕತ್ತರಿಗೆ ಸಿಕ್ಕ ಆಸ್ಪತ್ರೆ ಫೈಲು

ದೊಡ್ಡ ಕಾಯಿಲೆ ವಾಸಿಯಾದ ಮನೆಯಲ್ಲಿ ಮೊದಲು ಕಾಣೆಯಾಗುವುದು ಆಸ್ಪತ್ರೆಯ ಕಾಗದ. ಕಣ್ಣಿಗೆ ಬಿದ್ದರೆ ಕಾಯಿಲೆ ಮತ್ತೆ ಬಂದೀತು ಎಂಬ ಭಯ. ನಮ್ಮ ಬೀದಿಯ ಟೈಲರಮ್ಮನೂ ಅದನ್ನೇ ಮಾಡಿದ್ದಳು. ಅವಳ ಅಂಗಡಿಯ ಪಕ್ಕದಲ್ಲೇ ನನ್ನ ಇಸ್ತ್ರಿ ಅಂಗಡಿ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಬಚ್ಚಿಡದೆ ಹೇಳುತ್ತೇನೆ.

ಟೈಲರಮ್ಮನ ಮಗಳಿಗೆ ಆರನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದಿತ್ತು. ಎರಡು ವರ್ಷಕ್ಕೂ ಹೆಚ್ಚು ಮದ್ದು. ತಲೆಗೂದಲೆಲ್ಲ ಉದುರಿದಾಗ, "ಟೋಪಿಗೆ ಒಂದು ಜೇಬು ಇಡಮ್ಮ, ಪೆಪ್ಪರ್‌ಮಿಂಟ್ ಇಟ್ಕೋಬೇಕು" ಎಂದು ಅಮ್ಮನ ದುಂಬಾಲು ಬಿದ್ದ ಹುಡುಗಿ ಅವಳು. ಗೆದ್ದು ಬಂದಳು. ಈಗ ಇಪ್ಪತ್ತಾರು ವರ್ಷ, ಸಿಟಿ ಬಸ್ಸಿನ ಕಂಡಕ್ಟರ್. ಅವಳ ಒಂದು ಗದರಿಕೆಗೆ ಬಾಗಿಲಲ್ಲಿ ಜೋತುಬಿದ್ದ ಗಂಡಸರೆಲ್ಲ ತೆಪ್ಪಗೆ ಒಳಗೆ ಸರಿಯುತ್ತಾರೆ. ನನಗಂತೂ ಅವಳನ್ನು ನೋಡಿದರೆ ಹೊಟ್ಟೆ ತುಂಬುತ್ತದೆ.

ಕಳೆದ ವರ್ಷ ಅವಳು ಮೂರು ತಿಂಗಳ ಬಸುರಿಯಾಗಿದ್ದಳು. ಬಸ್ಸಿನ ಎರಡು ಮೆಟ್ಟಿಲು ಹತ್ತಿದರೂ ಏದುಸಿರು. ಅಷ್ಟರಲ್ಲೇ ಒಂದು ಸಂಜೆ ಅವಳ ಅತ್ತೆ ಟೈಲರಮ್ಮನ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ತಪ್ಪು ತಿಳ್ಕೋಬೇಡಿ ಬೀಗಿತ್ತಿ. ಸೊಸೆ ಅಪ್ಪಟ ಬಂಗಾರ. ಆದ್ರೆ ಅಷ್ಟೊಂದು ಕೆಟ್ಟ ಮದ್ದು ಮೈಗೆ ಹೋಗಿದೆ. ಬೇರಲ್ಲಿ ಇದ್ದದ್ದು ಕಾಯಿಗೆ ಬರದೆ ಇರುತ್ತಾ? ಈ ಮಗು ಬೇಡ ಅನ್ಸುತ್ತೆ ನಂಗೆ."

ಟೈಲರಮ್ಮನ ಹೊಲಿಗೆ ಯಂತ್ರ ನಿಂತಿತು. ಅಲ್ಲೇ ಕೂತಿದ್ದ ಮಗಳು ಅಳಲಿಲ್ಲ.

"ಅತ್ತೆ, ಸುಮ್ನೆ ಹೆದರ್ಕೊಂಡು ಮಗು ಕಳ್ಕೊಳ್ಳೋಕೆ ನಾನು ತಯಾರಿಲ್ಲ. ಗೊತ್ತಿರೋರನ್ನ ಕೇಳೋಣ" ಎಂದವಳೇ ಫೋನ್ ಮಾಡಿ ಸಿಸ್ಟರಮ್ಮನನ್ನು ಕರೆಸಿದಳು. ಅವರು ಹದಿನೈದು ವರ್ಷ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ದುಡಿದು ಈಗ ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿರುವ ನರ್ಸ್.

ಸಿಸ್ಟರಮ್ಮ ಬಂದವರೇ ಕೇಳಿದರು: "ಯಾವ ಮದ್ದು, ಎಷ್ಟು ಕೊಟ್ಟಿದ್ರು? ಫೈಲ್ ಎಲ್ಲಿ?"

"ಕಾಯಿಲೆನೇ ಹೋಯ್ತು, ಫೈಲ್ ಯಾಕೆ?" ಟೈಲರಮ್ಮ ಮುಖ ತಿರುಗಿಸಿದಳು. "ಬಸುರಿಗೆ ಏದುಸಿರು ಇದ್ದದ್ದೇ. ಮುಗಿದದ್ದನ್ನ ಕೆದಕಬೇಡಿ."

"ಕಾಯಿಲೆ ಹೋಯ್ತಮ್ಮ, ಮದ್ದಿನ ಗುರುತು ಹೋಗಿಲ್ಲ. ಕ್ಯಾನ್ಸರನ್ನ ಕೊಲ್ಲೋ ಮದ್ದು ಒಳ್ಳೇ ಜೀವಕೋಶಗಳನ್ನೂ ಸುಮ್ನೆ ಬಿಡಲ್ಲ. ಅದರೊಳಗಿನ ಜೀನ್‌ಗಳಿಗೂ ಅಲ್ಲಲ್ಲಿ ಪೆಟ್ಟು ಬೀಳುತ್ತೆ. ಅದರಿಂದ ಎಷ್ಟೋ ವರ್ಷ ಆದ್ಮೇಲೆ ಕೆಲವರಿಗೆ ಇನ್ನೊಂದು ಕ್ಯಾನ್ಸರ್ ಬರೋದುಂಟು. ಕೆಲವು ಮದ್ದು ಹೃದಯಾನೂ ಸೊರಗಿಸುತ್ತೆ. ಎಲ್ಲರಿಗೂ ಹಾಗಾಗಲ್ಲ. ಆದ್ರೆ ಯಾರಿಗೆ ಯಾವ ಪರೀಕ್ಷೆ ಬೇಕು ಅನ್ನೋದು ಆ ಕಾಗದ ನೋಡಿದ್ರೆ ಗೊತ್ತಾಗುತ್ತೆ."

"ನಾನೂ ಅದನ್ನೇ ಬಡ್ಕೊಂಡಿದ್ದು!" ಅತ್ತೆ ಎದ್ದು ನಿಂತರು. "ಮಗುಗೂ ಬಂದೇ ಬರುತ್ತೆ."

ಸಿಸ್ಟರಮ್ಮ ಮೇಜಿನ ಮೇಲಿದ್ದ, ಹೊಲಿಗೆ ಬಿಚ್ಚಿದ ಒಂದು ಅಂಗಿಯನ್ನು ಬೆಳಕಿಗೆ ಹಿಡಿದರು. "ಇಲ್ಲಿ ಸೂಜಿ ತೂತು ಉಳಿದಿದೆ ನೋಡಿ. ಮುಂದಿನ ಅಂಗೀನ ಇದನ್ನಿಟ್ಟು ಕತ್ತರಿಸ್ತೀಯೇನಮ್ಮ?"

"ಇಲ್ಲಪ್ಪ. ಅಳತೆಗೆ ಕತ್ತರಿಸಿದ ಪೇಪರ್ ಕಟಿಂಗ್ ಬೇರೆ ಇರುತ್ತೆ, ಅದನ್ನಿಟ್ಟು."

"ಇದೂ ಹಾಗೇ ಅಂದ್ಕೊಳ್ಳಿ. ಮಗು ಆಗೋ ಜೀವಕೋಶಾನೇ ಬೇರೆ. ಇಂಥ ತಾಯಂದಿರಿಗೆ ಹುಟ್ಟಿದ ಮಕ್ಕಳನ್ನ ಡಾಕ್ಟರುಗಳು ವರ್ಷಗಟ್ಟಲೆ ಗಮನಿಸಿದಾರೆ. ತಾಯಿ ತಗೊಂಡ ಮದ್ದಿನಿಂದ ಮಕ್ಕಳಲ್ಲಿ ಹುಟ್ಟುಕಾಯಿಲೆ ಹೆಚ್ಚಾಗಿದ್ದು ಕಂಡಿಲ್ಲ. ಕೆಲವೇ ಮನೆತನಗಳಲ್ಲಿ ಕ್ಯಾನ್ಸರ್ ವಂಶದಲ್ಲೇ ಹರಿದು ಬರುತ್ತೆ, ಅದನ್ನ ಡಾಕ್ಟರ್ ವಿಚಾರಿಸ್ತಾರೆ. ನಂಗೀಗ ಚಿಂತೆ ಈ ಹುಡುಗಿ ಏದುಸಿರಿಂದು."

ಪೇಪರ್ ಕಟಿಂಗ್ ಎಂದು ತಾನೇ ಬಾಯಿಬಿಟ್ಟ ಮೇಲೆ ಟೈಲರಮ್ಮನಿಗೆ ಇನ್ನು ಬಚ್ಚಿಡಲಾಗಲಿಲ್ಲ. ಮೆಲ್ಲಗೆ ತಗಡಿನ ಪೆಟ್ಟಿಗೆ ತೆರೆದಳು. ತೋಳು, ಜೇಬು, ಎದೆಭಾಗದ ಅಳತೆಯ ಕಾಗದಗಳು. ಎಲ್ಲ ತುಂಡುಗಳ ಹಿಂದೆ ಆಸ್ಪತ್ರೆಯ ಅಕ್ಷರ!

"ಒಳ್ಳೇ ದಪ್ಪ ಕಾಗದ, ಸುಡೋಕೆ ಮನಸ್ಸು ಬರ್ಲಿಲ್ಲ" ಎಂದಳು, ತಲೆ ಎತ್ತದೆ.

"ಅಯ್ಯೋ ಅಮ್ಮಾ! ಇಡೀ ಬೀದಿ ಮಕ್ಕಳ ಅಂಗಿ ನನ್ನ ಫೈಲಲ್ಲಿ ಅಳೆದಿದ್ದೀಯೇನೇ!" ಮಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಮುಗಿಯುವಷ್ಟರಲ್ಲಿ ಏದುಸಿರು ಬಂದು ಗೋಡೆ ಹಿಡಿದಳು. ಆಮೇಲೆ ಯಾರೂ ನಗಲಿಲ್ಲ.

ಪಕ್ಕದಂಗಡಿಯಿಂದ ನಾನೂ ಬಂದು ಸೇರಿದೆ, ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದೆವು. ಅತ್ತೆಯೂ ಕನ್ನಡಕ ಏರಿಸಿಕೊಂಡು ಕೈ ಹಾಕಿದರು. ಮದ್ದಿನ ಹೆಸರಿದ್ದ ತುಂಡೊಂದೇ ಇಲ್ಲ. ಟೈಲರಮ್ಮ ನನ್ನ ಕಡೆ ನೋಡಿದಳು. ಕಾಲರ್ ಮಡಿಚಲು ಅನುಕೂಲ ಎಂದು ಅದನ್ನು ನಾನೇ ಈಸಿಕೊಂಡಿದ್ದೆ! ಓಡಿಹೋಗಿ ತಂದೆ. ಅಂಚು ಇಸ್ತ್ರಿಗೆ ಕಂದಿತ್ತು, ಅಕ್ಷರ ಉಳಿದಿತ್ತು. ಇಷ್ಟು ವರ್ಷ ಅದರ ಮೇಲೆ ಉಜ್ಜಿದವಳು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ.

ಸಿಸ್ಟರಮ್ಮ ಎರಡು ಸಲ ಓದಿದರು. "ಹೃದಯಕ್ಕೆ ತಾಗೋ ಮದ್ದೇ. ಇದು ಬರೀ ಬಸುರಿನ ಏದುಸಿರು ಅಂತ ಬಿಡೋ ಹಾಗಿಲ್ಲ. ಈಗಲೇ ಆಸ್ಪತ್ರೆಗೆ ನಡೀರಿ."

ಸೊಸೆಯ ಕೈ ಹಿಡಿದು ಆಟೋ ಹತ್ತಿಸಿದವರು ಅತ್ತೆಯೇ. ಸ್ಕ್ಯಾನ್‌ನಲ್ಲಿ ಹೃದಯ ಸೊರಗಿರುವುದು ಕಂಡಿತು. "ಇನ್ನೆರಡು ತಿಂಗಳು ಬಿಟ್ಟಿದ್ದರೆ ತಾಯಿ, ಮಗು ಇಬ್ಬರಿಗೂ ಕಷ್ಟವಿತ್ತು" ಎಂದರು ಡಾಕ್ಟರ್. ಬಸುರಿಗೆ ಒಗ್ಗುವ ಮಾತ್ರೆ, ಬಸ್ಸಿಗೆ ರಜೆ, ತಿಂಗಳು ತಿಂಗಳು ತಪಾಸಣೆ. ಒಂದನ್ನೂ ತಪ್ಪಿಸಲಿಲ್ಲ ಆ ಹುಡುಗಿ. ಎಂಥ ಛಲ ಅಂತೀರಿ! ಹೆಣ್ಣುಮಗು ಹುಟ್ಟಿತು, ಆರೋಗ್ಯವಾಗಿದೆ. ಗಂಟಲು ಮಾತ್ರ ಥೇಟ್ ಕಂಡಕ್ಟರದು.

ಮೊನ್ನೆ ಟೈಲರಮ್ಮ ಮೊಮ್ಮಗಳ ಮೊದಲ ಅಂಗಿಗೆ ಬಟ್ಟೆ ಹರಡಿದಳು.

"ಪೇಪರ್ ಕಟಿಂಗ್ ಎಲ್ಲಿ ಬೀಗಿತ್ತಿ?" ಅತ್ತೆ ಕೇಳಿದರು.

"ಎಲ್ಲಾ ಅಂಟಿಸಿ ಮಗಳ ಫೈಲಿಗೆ ಹಾಕ್ಬಿಟ್ಟೆ" ಎಂದು ಟೈಲರಮ್ಮ ಗೇಣಿನಲ್ಲೇ ಅಳೆದು ಕತ್ತರಿ ಆಡಿಸಿದಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದವರು ಇದ್ದಾರಾ? ಅವರ ಫೈಲು ಎಲ್ಲಿದೆ? ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಚಿಕಿತ್ಸೆಯ ವಿವರ ಬರೆಸಿಕೊಳ್ಳಿ. ಮೈ ಗಟ್ಟಿಯಾಗಿದ್ದರೂ ಡಾಕ್ಟರ್ ಹೇಳಿದ ತಪಾಸಣೆ ಬಿಡಬೇಡಿ. ಮಗು ಬೇಕೆನಿಸಿದಾಗ ಮೊದಲೇ ಹೋಗಿ ಮಾತಾಡಿ. ಈಗಲೇ ಎದ್ದು ಪೆಟ್ಟಿಗೆ, ಬೀರು ಎಲ್ಲ ಹುಡುಕಿ. ಹಳೇ ಕಾಗದ ಯಾವುದು ಸಿಕ್ಕರೂ ನನ್ನ ಹಾಗೆ ಮಾಡದೆ, ಒಮ್ಮೆ ತಿರುಗಿಸಿ ನೋಡಿ.