ಗುರವ್ವನ ಹಣಿಗೆ

ನಮ್ಮ ಗುರವ್ವನ ಮೈಮೇಲೆ ಗುಡ್ಡದ ತಾಯಿ ಬರುತ್ತಾಳೆಂದು ತಿರ್ಲಾಪುರದ ನಮ್ಮ ಓಣಿಯೆಲ್ಲ ನಂಬಿದ ವರ್ಷ, ನಂಬದೆ ಸಿಟ್ಟು ಮಾಡಿಕೊಂಡು ಕುಳಿತವಳು ನಾನೊಬ್ಬಳೇ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಏಳನೆಯ ಇಯತ್ತೆ ಪಾಸಾಗಿ ಬಾಲವಾಡಿ ನಡೆಸುತ್ತಿದ್ದೆ. ಓಣಿಯ ಮಕ್ಕಳು ನನ್ನ ಕೆಮ್ಮು ಕೇಳಿದರೇ ಸಾಲಾಗಿ ಕೂರುತ್ತಿದ್ದವು. ಗಂಡ ತೀರಿದ ಮೇಲೆ ಒಬ್ಬಳೇ ಇದ್ದ ನನಗೆ, ಅಕ್ಕ ಫಕೀರವ್ವನ ಮಗಳು ಗುರವ್ವನೇ ಮಗಳಿದ್ದ ಹಾಗೆ.

ಎಂಬತ್ತೈದರ ಮಾತು. ಗುರವ್ವನಿಗೆ ಆಗ ಹತ್ತೊಂಬತ್ತು. ಬೇಸಿಗೆಯಲ್ಲಿ ಹತ್ತಿ ಹಿಂಜುವ ಕಾರಖಾನೆಯೊಂದಕ್ಕೆ ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಹೊತ್ತು ಇಳಿಯುವ ಮೊದಲೇ ಬಿಚ್ಚುಗೂದಲಲ್ಲಿ ಮನೆಗೆ ಬಂದವಳು ಮತ್ತೆ ಆ ಕಡೆ ಹೋಗಲೇ ಇಲ್ಲ. ಮಾತು ಕಡಿಮೆಯಾಯಿತು. ತಲೆಯನ್ನಂತೂ ಯಾರಿಗೂ ಮುಟ್ಟಗೊಡಲಿಲ್ಲ, ತಾನೂ ಬಾಚಿಕೊಳ್ಳಲಿಲ್ಲ. ದೀಪಾವಳಿ ಬರುವಷ್ಟರಲ್ಲಿ ಸೊಂಟದುದ್ದದ ಆ ಕೂದಲು ಗಂಟುಗಂಟಾಗಿ ಜಡೆಗಟ್ಟಿ ಹಗ್ಗದಂತೆ ಇಳಿಬಿದ್ದಿತು.

ನಮ್ಮ ಕಡೆ ಹೆಣ್ಣಿನ ತಲೆಯಲ್ಲಿ ಇಂಥ ಗಂಟುಜಡೆ ಕಂಡರೆ ತಾಯಿ ಗುರುತು ಹಾಕಿದಳೆಂದು ತಿಳಿಯುತ್ತಾರೆ. ಅದನ್ನು ಬಾಚುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ. ಗುಡ್ಡಕ್ಕೆ ಒಯ್ದು ಮುತ್ತು ಕಟ್ಟಿಸಿ ತಾಯಿಗೆ ಬಿಡಬೇಕು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ಆಮೇಲೆ ಅವಳು ಯಾರ್ಯಾರ ಪಾಲಾಗುತ್ತಾಳೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಓಣಿಯ ಹಿರಿಯಳು ಜೋಗವ್ವ ಬಂದಳು. ಅವಳೂ ಹುಡುಗಿಯಾಗಿದ್ದಾಗಲೇ ಮುತ್ತು ಕಟ್ಟಿಸಿಕೊಂಡವಳು. ಬಿಳಿಯ ಜಡೆಗಳು ಮೊಣಕಾಲು ಮುಟ್ಟುತ್ತಿದ್ದವು. ಗುರವ್ವನ ಹಿಂದೆ ನಿಂತು, ಮುಷ್ಟಿ ತುಂಬ ಭಂಡಾರದ ಅರಿಶಿನ ಹಿಡಿದು ಅವಳ ನೆತ್ತಿಗೆ ಒತ್ತಿದಳು. ಗುರವ್ವ ಅಡಿಯಿಂದ ಮುಡಿಯವರೆಗೆ ಗಡಗಡ ನಡುಗಿದಳು.

"ಬಂದ್ಲು ನೋಡ್ರಿ ತಾಯಿ!" ಎಂದಳು ಜೋಗವ್ವ. ಕೂಡಿದ ಮಂದಿಯೆಲ್ಲ ಕೈ ಮುಗಿದರು.

ಅಂದಿನಿಂದ ಮಂಗಳವಾರ, ಶುಕ್ರವಾರ ಜನ ಕಾಯಿ, ಭಂಡಾರ ಹಿಡಿದು ಬರತೊಡಗಿದರು. ಬಂದವರಲ್ಲಿ ಬಹಳ ಮಂದಿ ತಲೆ ಮುಟ್ಟುವವರೇ. ಮುಟ್ಟಿದಾಗಲೆಲ್ಲ ಅವಳು ನಡುಗುವಳು, ನಡುಗಿದಾಗಲೆಲ್ಲ ಅವರು ಕಾಲಿಗೆ ಬೀಳುವರು. ಮೂಲೆಯಲ್ಲಿ ನಿಂತು ನೋಡುತ್ತಿದ್ದ ನನಗೆ ಒಂದು ಮಾತು ಹೊಳೆಯಿತು. ಎದುರಿಗೆ ನಿಂತು ಕೈ ಮುಗಿದವರಿಗೆ ಹುಡುಗಿ ನಡುಗುತ್ತಿರಲಿಲ್ಲ. ಹಿಂದಿನಿಂದ ಬಂದು ತಲೆಗೆ ಕೈ ಹಾಕಿದವರಿಗಷ್ಟೇ ನಡುಗುತ್ತಿದ್ದಳು. ಬರುವ ದೇವರು ಹಿಂದು ಮುಂದು ನೋಡಿ ಬರುತ್ತದೆಯೇ?

ಅಕ್ಕನ ಗಂಡ ಹನಮಪ್ಪನಿಗೆ ಹೇಳಿದೆ. "ಮಾವಾ, ಈಕಿ ನಡಗೂದು ಅಂಜಿಕಿಗಿ. ತಾಯಿ ಬಂದದ್ದಕ್ಕಲ್ಲ."

"ನಿನ್ನ ಶಾಣ್ಯಾತನ ಬಾಲವಾಡ್ಯಾಗ ಇಟ್ಕೋವಾ," ಎಂದ.

"ಕಾಯ್ದೆ ಬಂದೈತಿ. ಮುತ್ತು ಕಟ್ಟಿಸಿದ್ರ ಜೇಲಿಗಿ ಹಾಕ್ತಾರ."

"ಕಾಯ್ದೆ ಬೆಂಗಳೂರಾಗ ಐತಿ. ತಾಯಿ ನನ್ನ ಮನ್ಯಾಗ ಬಂದು ಕುಂತಾಳ. ನಾ ಯಾರಿಗಿ ಅಂಜಲಿ, ಹೇಳು?"

ಅವನ ಕಣ್ಣಲ್ಲಿ ನೀರಿತ್ತು. ಹನಮಪ್ಪ ಕೆಟ್ಟವನಲ್ಲ, ಹೆದರಿದವನು. ಎರಡು ಗಂಡು ಕೂಸು ಮಣ್ಣಿಗಿಟ್ಟು ಬಂದಿದ್ದ. ತಾಯಿ ಮುನಿದರೆ ಉಳಿದ ಮಗಳೂ ಕೈಬಿಟ್ಟು ಹೋಗುತ್ತಾಳೆಂದು ನಂಬಿದ್ದ. ಮಾಘದ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಬಂಡಿ ಹೂಡುವುದೆಂದು ಮಾತಾಯಿತು. ನನ್ನ ಕೈಯಲ್ಲಿ ಇದ್ದದ್ದು ಒಂದು ಚಳಿಗಾಲ ಮಾತ್ರ.

ಧಾರವಾಡದ ದೊಡ್ಡ ದವಾಖಾನೆಯಲ್ಲಿ ಮನಸ್ಸಿನ ಜಡ್ಡು ನೋಡುವ ಡಾಕ್ಟರ್ ಬಾಯಿ ಇದ್ದಾರೆಂದು ನಮ್ಮೂರಿಗೆ ಬರುವ ನರ್ಸಬಾಯಿ ಹೇಳಿದ್ದಳು. ತಲೆನೋವಿನ ಗುಳಿಗೆ ತರುತ್ತೇವೆಂದು ಮನೆಯಲ್ಲಿ ಸುಳ್ಳು ಹೇಳಿ ಗುರವ್ವನನ್ನು ಬಸ್ಸು ಹತ್ತಿಸಿದೆ. ಕೊನೆಯ ಸೀಟೇ ಬೇಕೆಂದಳು. ಅದರ ಹಿಂದೆ ಯಾರೂ ಕೂರುವುದಿಲ್ಲವಲ್ಲ.

ಡಾಕ್ಟರ್ ಬಾಯಿಗೆ ನರೆತ ಕೂದಲು, ದಪ್ಪ ಕನ್ನಡಕ. ಜಡೆ ನೋಡಿ ಅವರು ಹೌಹಾರಲಿಲ್ಲ. ಮೊದಲು ಕೇಳಿದ್ದೇ ಹೀಗೆ: "ಬಾಗಲಾ ತಗದ ಇರಲೇನವಾ, ಮುಚ್ಚಲೇನ?"

ಗುರವ್ವ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. "ನಾ ಆಕಿನ್ನ ಕೇಳೇನ್ರಿ," ಎಂದರು ಡಾಕ್ಟರ್ ಬಾಯಿ ನನಗೆ, ಮೆಲ್ಲಗೆ. ಆಮೇಲೆ ಸುಮ್ಮನೆ ಕಾದರು. ಹೊರಗೆ ಯಾರೋ ಬಕೀಟು ಎಳೆದರು, ಯಾರೋ ಯಾರನ್ನೋ ಕೂಗಿದರು, ಅವರು ಕಾದೇ ಕಾದರು.

"ತಗದ ಇರಲಿ," ಎಂದಳು ಗುರವ್ವ ಕೊನೆಗೆ.

ಎಲ್ಲಿ ಕೂರುತ್ತೀ ಎಂದು ಕೇಳಿದರು. ಅವಳು ಗೋಡೆಗೆ ಬೆನ್ನು ಹಚ್ಚಿ, ಬಾಗಿಲು ಕಾಣುವ ಹಾಗೆ ಕೂತಳು. ಮನೆಯಲ್ಲಿ ಎಮ್ಮೆ ಇದೆಯೇ, ರೊಟ್ಟಿ ಯಾರು ಬಡಿಯುತ್ತಾರೆ, ಇಂಥವೇ ಮಾತು. ಬಾಗಿಲ ಮಾತು ಕೇಳಲಿಕ್ಕೆ ಇಷ್ಟು ದೂರ ಬರಬೇಕಿತ್ತೇ? ಬಾಗಿಲು ನಮ್ಮೂರಲ್ಲೂ ಇವೆ.

ಹೊರಡುವಾಗ ಅಂದೇಬಿಟ್ಟೆ. "ಔಷಧ ಏನೂ ಕೊಡಲಿಲ್ಲಲ್ರಿ?"

"ನಿದ್ದಿಗಿ ಸಣ್ಣ ಗುಳಿಗಿ ಬರದೇನ್ರಿ. ಉಳಿದ ಔಷಧ ನಿಮ್ಮ ಕಡೇನ ಐತಿ," ಎಂದರು. "ಏನಾತು ಅಂತ ಕೆದಕಬ್ಯಾಡ್ರಿ. ತಾನ ಹೇಳಿದ್ರ ಕೇಳ್ರಿ. ಮುಟ್ಟೂದಿದ್ರ ಆಕಿನ್ನ ಕೇಳಿ ಮುಟ್ರಿ. ಬ್ಯಾಡ ಅಂದ್ರ ಆ ಗಳಿಗ್ಯಾಗ ಕೈ ಹಿಂದ ತಗೀರಿ."

"ಅಷ್ಟ ಏನ್ರಿ?"

"ಮಾಡಿ ನೋಡ್ರಿ. ಭಾಳ ತ್ರಾಸ ಐತಿ."

ಬರುವಾಗ ನವಲಗುಂದದಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಬಾಜು ಒಂದು ಕೈಗಾಡಿಯ ಮುಂದೆ ಗುರವ್ವ ನಿಂತುಬಿಟ್ಟಳು. ಕನ್ನಡಿ, ರಿಬ್ಬನ್ನು, ಪಿನ್ನುಗಳ ನಡುವೆ ತಲೆ ಬಾಚುವ ಒಂದು ಕಟ್ಟಿಗೆಯ ಹಣಿಗೆ. ಅದರ ಮೇಲೆ ಬೆರಳಿಟ್ಟಳು. ನಾನು ಕೊಂಡೆ. ಚೀಲಕ್ಕೆ ಹಾಕಲು ಹೋದರೆ ಕೊಡಲಿಲ್ಲ. ಊರು ಮುಟ್ಟುವವರೆಗೆ ಮುಷ್ಟಿಯಲ್ಲೇ ಹಿಡಿದಿದ್ದಳು.

ಹುಣ್ಣಿಮೆಯವರೆಗೆ ಅವಳು ನನ್ನ ಮನೆಯಲ್ಲಿರಲಿ, ಮಂದಿಯ ಕಾಟ ತಪ್ಪುತ್ತದೆ ಎಂದು ಹನಮಪ್ಪನನ್ನು ಒಪ್ಪಿಸಿದೆ. ಬಾಲವಾಡಿ ಬಿಟ್ಟ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ನನ್ನ ಹಿತ್ತಲ ಗೋಡೆಗೆ ಬೆನ್ನು ಹಚ್ಚಿ ಅವಳು ಕೂರುವಳು. ನಾನು ಎದುರಿಗೆ. ಔಡಲೆಣ್ಣೆಯ ಬಟ್ಟಲು ನಡುವೆ. ಜಡೆಯ ಒಂದೆಳೆಯನ್ನು ತಾನೇ ಹೆಗಲ ಮೇಲಿಂದ ಮುಂದಕ್ಕೆ ತಂದುಕೊಳ್ಳುವಳು. ಹಣಿಗೆ ಅವಳ ಕೈಯಲ್ಲಿ.

"ಮುಟ್ಲೇನವಾ?" ಎಂದು ಕೇಳುವೆ.

"ಹೂಂ," ಎಂದು ಹಣಿಗೆ ಕೊಡುವಳು. ನನ್ನ ಬೆರಳು ಕೂದಲಿಗೆ ತಾಗಿತೋ ಇಲ್ಲವೋ, "ಸಾಕು." ಹಣಿಗೆ ವಾಪಸು.

ಮರುದಿನವೂ ಇಷ್ಟೇ. ಅದರ ಮರುದಿನವೂ ಇಷ್ಟೇ. ಹೂಂ, ಸಾಕು. ಹೂಂ, ಸಾಕು. ಒಂದು ಗಂಟೂ ಬಿಚ್ಚಲಿಲ್ಲ, ಎಣ್ಣೆ ಆರಿ ಹೋಗುತ್ತಿತ್ತು, ಹುಣ್ಣಿಮೆ ಹತ್ತಿರ ಬರುತ್ತಿತ್ತು. ಏನಲೇ ಹುಡುಗಿ, ಆಟ ಹಚ್ಚೀಯೇನ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಜೀವಮಾನದಲ್ಲಿ ನಾನು ನುಂಗಿದ ಸಿಟ್ಟೆಲ್ಲ ಆ ಹಿತ್ತಲಲ್ಲೇ ನುಂಗಿದ್ದು. ಒಂದು ದಿನ ಹಾಗೆಯೇ ಸಾಕು ಎಂದಳು, ನಾನು ತಟ್ಟನೆ ಕೈ ತೆಗೆದೆ, ಅವಳು ನನ್ನ ಕೈಯನ್ನೇ ನೋಡುತ್ತ ಕೂತಳು. ಆಗ ತಿಳಿಯಿತು. ತನ್ನ ಮಾತಿಗೆ ಕೈ ನಿಲ್ಲುತ್ತದೆಯೋ ಇಲ್ಲವೋ, ಇವತ್ತು ನಿಂತದ್ದು ನಾಳೆಯೂ ನಿಲ್ಲುತ್ತದೆಯೋ ಎಂದು ಹುಡುಗಿ ಪರೀಕ್ಷೆ ಮಾಡುತ್ತಿದ್ದಳು. ಇಷ್ಟು ದಿನ ಬರಿದೇ ಕೂತಿದ್ದೇವೆಂದುಕೊಂಡ ಹೊತ್ತಿನಲ್ಲೇ ಕೆಲಸ ನಡೆದಿತ್ತು.

ಅದರ ಮರುದಿನ ಸಾಕು ಎನ್ನಲಿಲ್ಲ. ಮೊದಲ ಗಂಟು ಬಿಚ್ಚಿತು.

ಜಡೆ ಬಿಡಿಸುವುದನ್ನು ಬುಡದಿಂದ ಹಿಡಿದರೆ ಕೆಟ್ಟೆವು, ತುದಿಯಿಂದ ಮೇಲೇರಬೇಕು. ಗಂಟಿನ ಮೇಲ್ಗಡೆ ಮುಷ್ಟಿಯಲ್ಲಿ ಬಿಗಿ ಹಿಡಿದರೆ ಎಳೆತ ತಲೆಗೆ ತಾಗುವುದಿಲ್ಲ. ಹಾಗೆ ಹಿಡಿಯುವುದನ್ನು ಗುರವ್ವ ತಾನೇ ಮಾಡುತ್ತಿದ್ದಳು, ಬಾಚುವುದು ನಾನು. ಒಂದು ದಿನ ಫಕೀರವ್ವ ರೊಟ್ಟಿ ಕೊಡಲು ಬಂದವಳು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಾಳೋ ಬೈಯುತ್ತಾಳೋ ಎಂದು ನಾನು ಕಾದೆ. ಏನೂ ಅನ್ನದೆ ಹೋದಳು. ಮರುದಿನ ಸೆರಗಿನೊಳಗೆ ಔಡಲೆಣ್ಣೆಯ ಬಾಟಲಿ ತಂದು ಬಾಗಿಲ ಸಂದಿಯಲ್ಲಿಟ್ಟು ಹೋದಳು. ಊರವರ ಕಣ್ಣಿಗೆ ಬೀಳದ ಹಾಗೆ ಗುರವ್ವ ತಲೆ ತುಂಬ ಸೆರಗು ಹೊದ್ದೇ ಇರುತ್ತಿದ್ದಳು.

ಸಂಕ್ರಮಣ ಕಳೆದು, ಹೆಕ್ಕತ್ತಿನ ಹತ್ತಿರದ ಗಂಟುಗಳಿಗೆ ಬಂದೆವು. ಅಲ್ಲೊಂದು ಮುಷ್ಟಿಯಷ್ಟು ದಪ್ಪದ್ದಿತ್ತು. ಹಣಿಗೆ ಮುಟ್ಟಿಸಿದೆ. ಅವಳ ಉಸಿರು ನಿಂತಿತು. ಸಾಕು ಎನ್ನುವ ಮೊದಲೇ ಕೈ ತೆಗೆದೆ.

"ಚಿಗವ್ವ," ಎಂದಳು. "ಇಲ್ಲೇ ಹಿಡದಿದ್ದ."

ಯಾರು, ಯಾವನವ, ಹೆಸರು ಹೇಳು ಎಂದು ಎದೆ ಒದ್ದುಕೊಂಡಿತು. ತುಟಿ ಕಚ್ಚಿ ಕೂತೆ.

"ಕಾರಖಾನಿ ಮುಕಾದಮ, ಕೂಲಿ ಹಚ್ಚಾಂವ. ಹಿಂದಿನಿಂದ ಬಂದ. ಹೆರಳ ಕೈಗಿ ಸುತಗೊಂಡು ಹತ್ತಿ ಮೂಟಿ ಹಿಂದ ಎಳಕೊಂಡು ಹ್ವಾದ. ಬ್ಯಾಡ ಅಂದೆ ಚಿಗವ್ವ. ಭಾಳ ಸಲ ಅಂದೆ."

ಮುಂದೆ ಹೇಳಲಿಲ್ಲ. ನಾನು ಕೇಳಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ನಮ್ಮ ಕಾಲಿಗೆ ಬರುವವರೆಗೆ ಇಬ್ಬರೂ ಅತ್ತೆವು. ಕುಡುಗೋಲು ಹಿಡಿದು ಆ ಕಾರಖಾನೆಗೆ ಹೋಗಬೇಕೆಂದು ನನಗನ್ನಿಸಿದ್ದು ಸುಳ್ಳಲ್ಲ. ಆದರೆ ಗುರವ್ವ ಮೂಗು ಒರೆಸಿಕೊಂಡು, ಹಣಿಗೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ಈಗ ಬಾಚು," ಎಂದಳು.

ಇಂಥ ಧೈರ್ಯವನ್ನು ನಾನು ಮೊದಲೆಲ್ಲೂ ನೋಡಿರಲಿಲ್ಲ. ದೇವರನ್ನು ಕಂಡವರು ಸುಮ್ಮನಾಗುತ್ತಾರಂತೆ. ನಾನೂ ಸುಮ್ಮನಾದೆ, ಬಾಚಿದೆ.

ಬಂಡಿ ಹೂಡುವ ದಿನ ಬಂತು. ಬೆಳಿಗ್ಗೆ ಗುರವ್ವ ಸೀಗೆಕಾಯಿ ಹಚ್ಚಿ ಎರೆದುಕೊಂಡು, ಹಿತ್ತಲ ಗೋಡೆಗೊರಗಿ ಕೂದಲು ಹರವಿ ಕೂತಿದ್ದಳು. ಬಾಗಿಲಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಹನಮಪ್ಪ, ಫಕೀರವ್ವ, ಹಿಂದೆ ಕೋಲೂರಿಕೊಂಡು ಜೋಗವ್ವ ಒಳಗೆ ಬಂದರು.

ಹನಮಪ್ಪ ಮಗಳ ತಲೆ ನೋಡಿ ಅಲ್ಲೇ ಕುಸಿದು ಕೂತ. "ಜಡಿ ಎಲ್ಲಿ? ಯಾರ ತಗದ್ರು? ನನ್ನ ಮನಿ ಹಾಳಾತಲ್ಲೋ ತಾಯಿ!"

"ನಾನ ಬಿಡಿಸ್ಕೊಂಡೇನಿ ಅಪ್ಪಾ. ಕತ್ತರಿ ಹಚ್ಚಿಲ್ಲ. ಒಂದ ಎಳಿ ಹರದಿಲ್ಲ," ಎಂದಳು ಗುರವ್ವ.

ಜೋಗವ್ವನಿಗೆ ನಂಬಿಕೆ ಬರಲಿಲ್ಲ. "ಮುಟ್ಟಿ ನೋಡ್ತೀನಿ ತಡಿ. ತಾಯಿ ಇದ್ರ ಬಂದ ಬರ್ತಾಳ," ಎಂದು ಕೈ ಚಾಚಿ ಮುಂದೆ ಬಂದಳು. ನಾನು ಅಡ್ಡ ಹೋಗುವವಳಿದ್ದೆ.

"ಬ್ಯಾಡ ಆಯಿ," ಎಂದಳು ಗುರವ್ವ. ಧ್ವನಿ ಏರಲಿಲ್ಲ. "ಕೇಳಿ ಮುಟ್ಟು."

ಜೋಗವ್ವನ ಕೈ ಗಾಳಿಯಲ್ಲೇ ನಿಂತಿತು. ಅವಳಿಗೆ ಎದುರಾಡಿದವರು ಓಣಿಯಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತು ಹುಡುಗಿಯ ಮುಖ ನೋಡಿದಳು. ಆಮೇಲೆ ಒಡಕು ದನಿಯಲ್ಲಿ, ಹೊಸದಾಗಿ ಮಾತು ಕಲಿತವಳಂತೆ ಕೇಳಿದಳು. "ಮುಟ್ಲೇನವಾ?"

"ಹೂಂ."

ಆ ಸುಕ್ಕುಗಟ್ಟಿದ ಬೆರಳುಗಳು ನೆತ್ತಿಯ ಮೇಲೆ ಇಳಿದವು. ನಾವೆಲ್ಲ ನಡುಕಕ್ಕಾಗಿ ಕಾದೆವು. ಗುರವ್ವ ನಡುಗಲಿಲ್ಲ. ಬೆರಳು ನೆತ್ತಿಯಿಂದ ಹೆಕ್ಕತ್ತಿನವರೆಗೆ, ಅಲ್ಲಿಂದ ತುದಿಯವರೆಗೆ ಎಲ್ಲೂ ತಡೆಯದೆ ಹರಿದುಹೋದವು.

"ಆಯಿ, ನಿನ್ನ ಜಡಿ ನಾ ಮುಟ್ಲೇನು?" ಎಂದು ಗುರವ್ವ ಕೈ ನೀಡಿದಳು.

"ಬ್ಯಾಡ!" ಜೋಗವ್ವ ಬೆಚ್ಚಿಬಿದ್ದು ಹಿಂದೆ ಸರಿದಳು.

ಗುರವ್ವನ ಕೈ ಆ ಗಳಿಗೆಯಲ್ಲೇ ಹಿಂದೆ ಹೋಯಿತು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ಜೋಗವ್ವ ಆ ಕೈಗಳನ್ನು ನೋಡಿದಳು. ಕೋಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಮೆಲ್ಲಗೆ ನೆಲಕ್ಕೆ ಕೂತಳು. "ಬ್ಯಾಡ ಅಂದ್ರ ಹಿಂದ ಹೋತ ನೋಡ ಕೈ," ಎಂದಳು, ಯಾರಿಗೆಂದು ಗೊತ್ತಿಲ್ಲ. "ಬ್ಯಾಡ ಅಂದ್ರ ಹಿಂದ ಹೋಗತೈತೇನ ಕೈ?" ಮುದುಕಿ ನೆಲದಿಂದ ತನ್ನ ಹೆಗಲೆತ್ತರಕ್ಕೆ ಅಂಗೈ ಹಿಡಿದು ತೋರಿಸಿದಳು. "ನಾ ಇಷ್ಟ ಇದ್ದೆ, ಸಣ್ಣಾಕಿ. ನಾನೂ ಅಂದಿದ್ದೆ, ಬ್ಯಾಡ ಅಂತ."

ಫಕೀರವ್ವ ಬಂದು ಅವಳ ಬಾಜು ಕೂತಳು. ಜೋಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹನಮಪ್ಪನ ಕಡೆ ತಿರುಗಿದಳು.

"ಹನಮಪ್ಪ, ಬಂಡಿ ಕೊಳ್ಳಹರಿ."

"ತಾಯಿ ಸಿಟ್ಟಾದ್ರ, ಆಯಿ?"

"ತಾಯಿಗಿ ನಾ ಹೇಳ್ತೀನಿ. ಏಳು."

ಹನಮಪ್ಪ ಮಗಳ ಮುಂದೆ ಬಂದು ನಿಂತ. ತಲೆಯ ಮೇಲಿಡಲು ಎತ್ತಿದ ಕೈಯನ್ನು ಅರ್ಧಕ್ಕೇ ತಡೆದು, ಅವಳ ಮುಖ ನೋಡಿದ. ಅವಳು ಹೂಂ ಎಂದಳು. ಕೈಯಿಟ್ಟು, ಅಳುತ್ತ ಹೊರಗೆ ಹೋದ. ಎತ್ತುಗಳ ಕೊರಳಿಂದ ನೊಗ ಇಳಿಸುವ ಸಪ್ಪಳ ಕೇಳಿಸಿತು.

ಆಗ ಗುರವ್ವ ಎದ್ದಳು. ಇಡೀ ಚಳಿಗಾಲ ಬೆನ್ನು ಹಚ್ಚಿ ಕೂತಿದ್ದ ಆ ಗೋಡೆಯನ್ನು ಬಿಟ್ಟು ಹಿತ್ತಲ ನಡುವೆ ಬಂದಳು. ಹಣಿಗೆಯನ್ನು ನನ್ನ ಕೈಗೆ ಕೊಟ್ಟು, ನನಗೆ ಬೆನ್ನು ಮಾಡಿ ಕೂತಳು.

"ಹೆಣಿ, ಚಿಗವ್ವ," ಎಂದಳು.